ಕಳಸದ ದಾರಿಯಲ್ಲಿ ಅಪ್ಪಯ್ಯನ ಇನ್ನೊಂದು ಮನೆ

ಬೇಲೂರು ದಾಟಿ ಮೂಡಿಗೆರೆ ಹತ್ತಿರವಾಗುತ್ತಿದ್ದ ಹಾಗೆ ಎಸಿ ಆಫ್ ಮಾಡಿ ಕಾರಿನ ಗಾಜು ಇಳಿಸಿದೆ. ಕಾಫಿ ಹೂ ಬಿಟ್ಟಿತ್ತು. ಮಾರ್ಚ್‌ನಲ್ಲಿ ಒಂದು ಹದವಾದ ಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗುತ್ತದೆ. ಮೂರ್ನಾಲ್ಕು ದಿನ ಅಷ್ಟೇ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಉದುರುತ್ತದೆ. ಪ್ರವಾಸಿಗರು ಅಲ್ಲಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ನಮ್ಮ ಕಡೆಯವರು ಹೂ ನೋಡಿ ಫೋಟೋ ತೆಗೆಯುವುದಿಲ್ಲ. ಹಿಂದಿನಿಂದ ಇನ್ನೊಂದು ಮಳೆ ಬರುತ್ತದೋ ಇಲ್ಲವೋ ಎಂದು ಆಕಾಶ ನೋಡುತ್ತಾರೆ.

ನಾನೂ ಈ ದಾರಿಯಲ್ಲಿ ಈಗ ಪ್ರವಾಸಿಗನೇ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ತಿಂಗಳಿಗೊಮ್ಮೆ ಶುಕ್ರವಾರ ರಾತ್ರಿಯೋ ಶನಿವಾರ ನಸುಕಿಗೋ ಹೊರಟು 300 ಕಿಲೋಮೀಟರಿಗೂ ಹೆಚ್ಚು ಡ್ರೈವ್ ಮಾಡಿ ಬರುತ್ತೇನೆ. ಆದರೆ ನಮ್ಮ ಮನೆಗಲ್ಲ. ಕೊಟ್ಟಿಗೆಹಾರ ಮತ್ತು ಕಳಸದ ನಡುವೆ, ಮುಖ್ಯ ರಸ್ತೆಯಿಂದ ಒಳಗೆ, ಹಳೇ ಎಸ್ಟೇಟಿನ ರೈಟರ್ ಇರುತ್ತಿದ್ದ ಹೆಂಚಿನ ಮನೆಯೊಂದಿದೆ. ಮಿದುಳಿಗೆ ಪೆಟ್ಟಾದವರನ್ನು, ಪಾರ್ಶ್ವವಾಯು ಆದವರನ್ನು ಅಲ್ಲಿ ನೋಡಿಕೊಳ್ಳುತ್ತಾರೆ. ಒಂಬತ್ತು ಜನ ಇದ್ದಾರೆ. ಅದರಲ್ಲಿ ನಮ್ಮ ಅಪ್ಪಯ್ಯ ಒಬ್ಬರು.

ಈ ಸಲ ಹೊರಟಿದ್ದು ಸುಮ್ಮನೆ ನೋಡಿ ಬರುವುದಕ್ಕಲ್ಲ. ಅಪ್ಪಯ್ಯನನ್ನು ಇನ್ನೊಂದು ಮಳೆಗಾಲ ಅಲ್ಲೇ ಬಿಡುವುದಾ, ಬೆಂಗಳೂರಿಗೆ ವಾಪಸ್ ಕರೆದುಕೊಂಡು ಹೋಗುವುದಾ ಎಂದು ತೀರ್ಮಾನ ಮಾಡಬೇಕಿತ್ತು. ಅಕ್ಕ ಬೆಂಗಳೂರು ಎನ್ನುತ್ತಾಳೆ. ಅಮ್ಮ ಬಾಯಿ ಬಿಟ್ಟು ಏನೂ ಹೇಳುವುದಿಲ್ಲ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆ. ಇಲ್ಲಿ ನಿಲ್ಲಿಸದೆ ಹೋದರೆ ಈ ದಾರಿಯಲ್ಲಿ ಬಂದ ಲೆಕ್ಕವೇ ಅಲ್ಲ. ನೇರ ಹೋದರೆ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಮಂಗಳೂರು. ಬಲಕ್ಕೆ ತಿರುಗಿದರೆ ಹೇಮಾವತಿ ಹುಟ್ಟುವ ಜಾವಳಿಯ ಕಡೆ, ಆಮೇಲೆ ಕೆಳಗೂರಿನ ಟೀ ತೋಟ, ಕಳಸ. ನಾನು ಇಂಜಿನಿಯರಿಂಗ್ ಓದುವಾಗ ರಜಕ್ಕೆ ಬಂದರೆ ಅಪ್ಪಯ್ಯ ಬೈಕಿನಲ್ಲಿ ಇಲ್ಲಿಯವರೆಗೂ ಬಂದು ಕಾಯುತ್ತಿದ್ದರು. ಮನೆಯಲ್ಲಿ ಊಟ ಮಾಡುತ್ತೇನೆಂದರೂ ಕೇಳದೆ ದೋಸೆ ತಿನ್ನಿಸುತ್ತಿದ್ದರು.

ಅವರು ಬಿದ್ದದ್ದು ಎರಡು ವರ್ಷದ ಹಿಂದೆ, ಮೆಣಸು ಕೊಯ್ಯುವಾಗ. ನಮ್ಮದು ನಾಲ್ಕು ಎಕರೆ ತೋಟ. ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ, ಅದಕ್ಕೆ ಒರಗಿಸಿದ ಏಣಿ. ಆಳು ಸಿಗಲಿಲ್ಲವೆಂದು ತಾವೇ ಹತ್ತಿದ್ದಾರೆ. ಮಲೆನಾಡಿನಲ್ಲಿ ಇದು ಯಾರಿಗೂ ಸುದ್ದಿಯಲ್ಲ. ಮರಗಸಿ ಮಾಡುವಾಗ ಬಿದ್ದವರು, ಮೆಣಸು ಕೊಯ್ಯುವಾಗ ಬಿದ್ದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಪಕ್ಕದ ತೋಟದವರ ಪಿಕಪ್‌ನಲ್ಲಿ ಕಳಸದ ಆಸ್ಪತ್ರೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಕುದುರೆಮುಖದ ಘಾಟಿ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆ. ನಾನು ಬೆಂಗಳೂರಿನಿಂದ ಹೋಗಿ ಮುಟ್ಟುವಷ್ಟರಲ್ಲಿ ತಲೆಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದಾಗಿತ್ತು.

ಡಾಕ್ಟರು "ಜಿಸಿಎಸ್ 7 ಇತ್ತು" ಎಂದರು. ಗ್ಲಾಸ್ಗೋ ಕೋಮಾ ಸ್ಕೇಲ್, 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ವೈದ್ಯರು ಮಾಡಿದ ಅಳತೆ. ಕಣ್ಣು ತೆರೆಯುತ್ತಾರಾ, ಮಾತಾಡುತ್ತಾರಾ, ಕೈಕಾಲು ಆಡಿಸುತ್ತಾರಾ ಎಂದು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಪೆಟ್ಟು. ಆ ರಾತ್ರಿ ಐಸಿಯು ಹೊರಗೆ ಕೂತು ನಾನು ಮೊಬೈಲಿನಲ್ಲಿ ಇದನ್ನೆಲ್ಲ ಓದಿದೆ. ನಂಬರು ಸಿಕ್ಕಿದರೆ ನಮ್ಮಂಥವರಿಗೆ ಏನೋ ಹಿಡಿತ ಸಿಕ್ಕಿದ ಹಾಗೆ. ಮುಂದೆ ಆಗುವ ಯಾವುದಕ್ಕೂ ನಂಬರು ಇರುವುದಿಲ್ಲ ಎಂದು ಆಗ ಗೊತ್ತಿರಲಿಲ್ಲ.

ಜೀವ ಉಳಿಯಿತು. ಎಡಗೈ, ಎಡಗಾಲು ಸೋತವು. ನುಂಗುವುದು ಕಷ್ಟವಾಯಿತು. ಅದಕ್ಕಿಂತ ವಿಚಿತ್ರವಾದದ್ದು, ಅಪ್ಪಯ್ಯನಿಗೆ ಎಡಗಡೆಯ ಪ್ರಪಂಚವೇ ಇಲ್ಲವಾಯಿತು. ಕಣ್ಣು ಸರಿಯಾಗಿಯೇ ಇದೆ, ಆದರೆ ಮಿದುಳು ಎಡಗಡೆಗೆ ಗಮನ ಕೊಡುವುದಿಲ್ಲ. ತಟ್ಟೆಯ ಬಲ ಅರ್ಧ ಉಂಡು "ಇನ್ನೂ ಸ್ವಲ್ಪ ಬಡಿಸೇ" ಎನ್ನುತ್ತಾರೆ. ಎಡಗಡೆ ಅನ್ನ ಹಾಗೇ ಇರುತ್ತದೆ. ಬಲಮಿದುಳಿಗೆ ಪೆಟ್ಟಾದವರಲ್ಲಿ ಇದು ಅಪರೂಪವೇನಲ್ಲವಂತೆ.

ಮನೆಗೆ ಯಾಕೆ ಕರೆದುಕೊಂಡು ಹೋಗಲಿಲ್ಲ ಎಂದು ನೆಂಟರೆಲ್ಲ ಕೇಳಿದರು. ಈಗಲೂ ಕೇಳುತ್ತಾರೆ. ನಮ್ಮ ಮನೆ ಇಳಿಜಾರಿನಲ್ಲಿದೆ, ರಸ್ತೆಯಿಂದ ಇಪ್ಪತ್ತೆರಡು ಮೆಟ್ಟಿಲು. ಅಮ್ಮ ಒಬ್ಬಳೇ. ಜೊತೆಗೆ ತೋಟ. ಎಪ್ಪತ್ತೈದು ಕಿಲೋ ತೂಗುವ ಮನುಷ್ಯನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೊದಲ ತಿಂಗಳು ಪ್ರಯತ್ನ ಮಾಡಿದೆವು. ಅಮ್ಮನ ಸೊಂಟ ಬಿತ್ತು.

ಆಮೇಲೆ ಬೆಂಗಳೂರಿನ ಒಂದು ಕೇಂದ್ರ. ಹೆಸರು ಬೇಡ. ನನ್ನ ಸಂಬಳದ ಅರ್ಧಕ್ಕಿಂತ ಹೆಚ್ಚು ಹೋಗುತ್ತಿತ್ತು. ಹೊಳೆಯುವ ಟೈಲ್ಸು, ರಿಸೆಪ್ಷನ್ನಿನಲ್ಲಿ ಹೂವಿನ ಕುಂಡ, ಮೊಬೈಲಿನಲ್ಲೇ ಅಪ್ಪಯ್ಯನ ರೂಮು ನೋಡುವ ಕ್ಯಾಮೆರಾ. ನಾನು ಹತ್ತು ಕೇಂದ್ರಗಳನ್ನು ಎಕ್ಸೆಲ್ ಶೀಟಿನಲ್ಲಿ ಹಾಕಿ, ಒಂದೊಂದಕ್ಕೆ ಅಂಕ ಕೊಟ್ಟು ಆರಿಸಿದ್ದು ಅದನ್ನು. ಫಿಸಿಯೋಥೆರಪಿ ಎಷ್ಟು ದಿನ, ನರ್ಸ್ ಎಷ್ಟು ಜನ, ಆಸ್ಪತ್ರೆ ಎಷ್ಟು ದೂರ, ಎಲ್ಲಕ್ಕೂ ಕಾಲಂ ಇತ್ತು. ಮೊದಲ ಸ್ಥಾನ ಇದಕ್ಕೇ ಬಂತು.

ಒಂದು ದಿನ ಮೀಟಿಂಗ್ ಕ್ಯಾನ್ಸಲ್ ಆಗಿ, ಹೇಳದೆ ಮಧ್ಯಾಹ್ನ ಮೂರು ಗಂಟೆಗೆ ಹೋದೆ. ಮಂಚದ ತುದಿಗೆ ಮಗ್ಗುಲು ಬದಲಿಸಿದ ಚಾರ್ಟ್ ನೇತುಹಾಕಿದ್ದರು. ಎರಡು ಗಂಟೆಗೊಂದು ಟಿಕ್, ಪಕ್ಕದಲ್ಲಿ ಸಹಿ. ಸುಮ್ಮನೆ ಕಣ್ಣಾಡಿಸಿದೆ. ನಾಲ್ಕು ಗಂಟೆಯದೂ, ಆರು ಗಂಟೆಯದೂ ಆಗಲೇ ಟಿಕ್ ಆಗಿತ್ತು! ಸಹಿಯೂ ಇತ್ತು. ಬೆಡ್‌ಶೀಟ್ ಸರಿಸಿ ನೋಡಿದರೆ ಸೊಂಟದ ಕೆಳಗೆ ನನ್ನ ಅಂಗೈಯಗಲ ಹಾಸಿಗೆ ಹುಣ್ಣು. ಒಂದೆರಡು ದಿನದ್ದಲ್ಲ. ಅಲ್ಲಿಯವರೆಗೆ ಪ್ರತಿ ವಾರ ನನಗೆ "ಪೇಷೆಂಟ್ ಸ್ಟೇಬಲ್" ಎಂದು ಮೆಸೇಜ್ ಬರುತ್ತಿತ್ತು.

ನನಗೆ ಹುಣ್ಣಿಗಿಂತ ಆ ಟಿಕ್ ಮಾರ್ಕ್ ನೋಡಿ ಹೆದರಿಕೆಯಾಯಿತು. ನಮ್ಮ ಕೆಲಸದಲ್ಲಿ ಸರ್ವರ್ ಬೀಳುತ್ತದೆ, ಬಿದ್ದೇ ಬೀಳುತ್ತದೆ. ಆದರೆ ಬಿದ್ದದ್ದನ್ನು ಲಾಗ್ ತೋರಿಸಬೇಕು. ಸರ್ವರ್ ಸತ್ತಿದ್ದರೂ ಲಾಗಿನಲ್ಲಿ ಎಲ್ಲ ಹಸಿರು ಎಂದು ಬರುತ್ತಿದ್ದರೆ, ಅಲ್ಲಿಗೆ ಮುಗಿಯಿತು, ಯಾರಿಗೂ ಏನೂ ಮಾಡಲಾಗುವುದಿಲ್ಲ. ಈ ಒಂದು ಕಾಲಂ ನನ್ನ ಎಕ್ಸೆಲ್ ಶೀಟಿನಲ್ಲಿ ಇರಲಿಲ್ಲ.

ಹುಣ್ಣು ವಾಸಿಯಾಗಲು ಮೂರು ತಿಂಗಳು ಹಿಡಿಯಿತು. ಆ ಸಮಯದಲ್ಲೇ ನಿಮ್ಹಾನ್ಸ್‌ಗೆ ತೋರಿಸಿದ್ದು. ಮೈಸೂರು ಸರ್ಕಾರದ ಹಳೇ ಮಾನಸಿಕ ಆಸ್ಪತ್ರೆ ಮತ್ತು ಕೇಂದ್ರದ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆದದ್ದೂ 1974ರಲ್ಲೇ. ಅಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ಒಂದು ವಿಭಾಗವಿದೆ. ಜನಜಂಗುಳಿ, ಉದ್ದ ಕ್ಯೂ, ನಿಜ. ಆದರೆ ಅಲ್ಲಿಯ ಥೆರಪಿಸ್ಟ್ ಅಪ್ಪಯ್ಯನಿಗಿಂತ ಹೆಚ್ಚು ಹೊತ್ತು ಅಮ್ಮನ ಜೊತೆ ಮಾತಾಡಿದರು. ಸೊಂಟ ಬಗ್ಗಿಸದೆ ಹೇಗೆ ಮಗ್ಗುಲು ತಿರುಗಿಸಬೇಕು, ಯಾಕೆ ಯಾವಾಗಲೂ ಕೂರಿಸಿಯೇ ಉಣಿಸಬೇಕು, ಉಂಡ ಮೇಲೆ ಅರ್ಧ ಗಂಟೆ ಯಾಕೆ ಮಲಗಿಸಬಾರದು ಎಂದೆಲ್ಲ. "ಮನೆಯವರು ಕಲೀದೆ ಇದ್ರೆ ನಾವು ಮಾಡಿದ್ದೆಲ್ಲ ನೀರಲ್ಲಿ ಹೋಮ" ಎಂದರು. ಕಳಸದ ಕಡೆ ಇಂಥದೊಂದು ಮನೆ ಇದೆಯೆಂದು ಗೊತ್ತಾದದ್ದೂ ಅಲ್ಲಿಯ ಕ್ಯೂನಲ್ಲೇ, ಬಾಳೆಹೊನ್ನೂರಿನವರೊಬ್ಬರಿಂದ.

ಆ ಮನೆ ನಡೆಸುವವರು ಮಂಗಳೂರಿನಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದವರು. ಎಲ್ಲರೂ ಸಿಸ್ಟರ್ ಎನ್ನುತ್ತಾರೆ. ಮೊದಲ ಸಲ ಹೋದಾಗ ನಾನು ಪರೀಕ್ಷೆ ಮಾಡುವ ಮೂಡಿನಲ್ಲೇ ಇದ್ದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆಯಲ್ಲ, ನೋಂದಣಿ ಎಲ್ಲಿ ಎಂದು ಕೇಳಿದೆ. ಗೋಡೆಯ ಮೇಲಿದ್ದ ಸರ್ಟಿಫಿಕೇಟ್ ತೋರಿಸಿದರು. ಮಗ್ಗುಲು ಬದಲಿಸಿದ ಚಾರ್ಟ್ ತೋರಿಸಿ ಎಂದೆ. ಬೈಂಡ್ ಮಾಡಿದ ಲೆಕ್ಕದ ಪುಸ್ತಕ ತಂದುಕೊಟ್ಟರು. ಒಂದು ರಾತ್ರಿ ಎರಡು ಗಂಟೆಯ ಜಾಗ ಖಾಲಿ. ಪಕ್ಕದಲ್ಲಿ ಬಾಲ್‌ಪೆನ್ನಿನಲ್ಲಿ "ನಿದ್ದೆ ಬಂತು, ಮಾಡ್ಲಿಲ್ಲ, 3.15ಕ್ಕೆ ಮಾಡಿದೆ" ಎಂದು ಬರೆದಿತ್ತು.

ಆ ಸಾಲು ಓದಿಯೇ ಅಪ್ಪಯ್ಯನನ್ನು ಅಲ್ಲಿಗೆ ಸೇರಿಸಿದ್ದು.

ಅಲ್ಲಿ ಎಲ್ಲ ಚೆನ್ನಾಗಿದೆ ಎಂದು ಹೇಳುತ್ತಿಲ್ಲ. ಸ್ಪೀಚ್ ಥೆರಪಿಸ್ಟ್ ಇಲ್ಲ. ಫಿಸಿಯೋ ಹುಡುಗ ವಾರಕ್ಕೆ ಎರಡು ದಿನ ಬೈಕಿನಲ್ಲಿ ಬರುತ್ತಾನೆ, ಜೋರು ಮಳೆಯಾದರೆ ಒಂದೇ ದಿನ. ಬಾತ್‌ರೂಮಿಗೆ ಹೋಗುವಲ್ಲಿ ಒಂದು ಹೊಸ್ತಿಲು ಇದೆ, ವೀಲ್‌ಚೇರ್ ಪ್ರತಿ ಸಲ ಎತ್ತಬೇಕು. ಒಡೆಸಿ ಎಂದು ನಾನು ನಾಲ್ಕು ಸಲ ಹೇಳಿದ್ದೇನೆ. ಹಳೇ ಮನೆ, ಯಜಮಾನರು ಒಪ್ಪುವುದಿಲ್ಲ ಎನ್ನುತ್ತಾರೆ.

ಆದರೆ ಕಾಫಿಯ ವಿಷಯ ಹೇಳಲೇಬೇಕು. ನುಂಗುವ ತೊಂದರೆ ಇದ್ದವರಿಗೆ ಗಟ್ಟಿ ಆಹಾರಕ್ಕಿಂತ ನೀರಿನಂಥದ್ದೇ ಅಪಾಯ. ಸರ್ರನೆ ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಅದಕ್ಕೇ ಬೆಂಗಳೂರಿನಲ್ಲಿ ಅಪ್ಪಯ್ಯನ ಕಾಫಿ ನಿಲ್ಲಿಸಿದ್ದರು. ಹುಟ್ಟಿದಾಗಿನಿಂದ ಕಾಫಿ ತೋಟದಲ್ಲೇ ಬೆಳೆದು, ದಿನಕ್ಕೆ ಆರು ಲೋಟ ಕುಡಿಯುತ್ತಿದ್ದ ಮನುಷ್ಯ. ಇಲ್ಲಿಗೆ ಬಂದ ಮೂರನೇ ದಿನ ಸಿಸ್ಟರ್ ಅಮ್ಮನಿಗೆ ಫೋನ್ ಮಾಡಿ "ಮನೇಲಿ ಕೂವೆಹಿಟ್ಟು ಇದ್ರೆ ತರ್ತೀರಾ?" ಎಂದರಂತೆ. ಹೊಟ್ಟೆ ಕೆಟ್ಟರೆ ನಾವು ಗಂಜಿ ಮಾಡುವ ಅದೇ ಕೂವೆಹಿಟ್ಟು. ಕಾಫಿಗೆ ಅದನ್ನು ಹಾಕಿ ಕಾಯಿಸಿ, ಚಮಚದಿಂದ ನಿಧಾನಕ್ಕೆ ಬೀಳುವಷ್ಟು ಮಂದ ಮಾಡಿದರು. ಹಾಗಂತ ತಕ್ಷಣ ಕುಡಿಸಲಿಲ್ಲ. ಮಂಗಳೂರಿಗೆ ಚೆಕಪ್‌ಗೆ ಹೋದಾಗ ಫ್ಲಾಸ್ಕಿನಲ್ಲಿ ಅದನ್ನೇ ಒಯ್ದು, ಅಲ್ಲಿಯ ಥೆರಪಿಸ್ಟ್ ಎದುರು ಚಮಚದಲ್ಲಿ ಕುಡಿಸಿ, ಈ ಹದ ಪರವಾಗಿಲ್ಲ ಎನಿಸಿಕೊಂಡು ಬಂದರು. ಎಷ್ಟು ಕಾಫಿಗೆ ಎಷ್ಟು ಚಮಚ ಹಿಟ್ಟು ಎಂದು ಅಡುಗೆಮನೆ ಗೋಡೆಗೆ ಬರೆದು ಅಂಟಿಸಿದ್ದಾರೆ. ನಾನು ರುಚಿ ನೋಡಿದ್ದೇನೆ. ಸತ್ಯವಾಗಿ ಹೇಳಬೇಕೆಂದರೆ ಚೆನ್ನಾಗಿಲ್ಲ. ಅಪ್ಪಯ್ಯ ಮೊದಲ ಚಮಚಕ್ಕೆ ಕಣ್ಣು ಮುಚ್ಚಿಕೊಂಡರು ಎಂದು ಅಮ್ಮ ಹೇಳಿದಳು.

ಇನ್ನೊಂದು ಮೊರದ ಕೆಲಸ. ಕಾಫಿ ಬೀಜ ಮೊರಕ್ಕೆ ಹಾಕಿ ಕಪ್ಪು ಬೀಜ, ಒಡಕು ಬೀಜ ಆರಿಸಲು ಕೊಡುತ್ತಾರೆ. ಮೊದಮೊದಲು ಅಪ್ಪಯ್ಯ ಬಲ ಅರ್ಧ ಚೊಕ್ಕ ಮಾಡಿ ಮುಗೀತು ಎನ್ನುತ್ತಿದ್ದರು. ಅಲ್ಲಿಯ ಅಟೆಂಡರ್ ಹುಡುಗ ಮೊರದ ಎಡ ಅಂಚಿಗೆ ಕೆಂಪು ಬಟ್ಟೆ ಕಟ್ಟಿದ. "ಗೌಡ್ರೇ, ಕೆಂಪು ಕಾಣೋ ತನಕ ನೋಡ್ಬೇಕು" ಎನ್ನುತ್ತಾನೆ. ಇದು ಪುಸ್ತಕದಲ್ಲಿರುವ ವಿಧಾನವೇ, ಫಿಸಿಯೋ ಹೇಳಿಕೊಟ್ಟದ್ದು. ಆದರೆ ಮೊರ, ಬೀಜ ಅವನ ಉಪಾಯ. ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಮಣಿ ಕೊಟ್ಟಾಗ ಅಪ್ಪಯ್ಯ ಎಸೆದಿದ್ದರು. ಇಲ್ಲಿ ಬೀಜ ಮೂಸಿ ನೋಡಿ "ಇದು ಸರಿ ಒಣಗ್ಲಿಲ್ಲ" ಎಂದು ಜಗಳ ತೆಗೆದರಂತೆ. ಸಿಸ್ಟರ್ ಆ ಜಗಳವನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.

ಇಷ್ಟೆಲ್ಲ ಇದ್ದೂ ಬಿಡಬೇಕೋ ಬೇಡವೋ ಎಂಬ ಪ್ರಶ್ನೆ ಬಂದದ್ದು ಹೋದ ಜುಲೈಯ ಆ ರಾತ್ರಿಯಿಂದ.

ನಮ್ಮ ಕಡೆಯ ಮಳೆಗಾಲ ಕಂಡವರಿಗೆ ಹೇಳಬೇಕಿಲ್ಲ. ಭದ್ರೆ ತುಂಬಿ ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆ ಮುಳುಗಿತ್ತು. ಮೂರು ದಿನದಿಂದ ಕರೆಂಟಿಲ್ಲ. ಬೆಳಗಿನ ಜಾವ ಮೂರೂ ಕಾಲಿಗೆ ನನಗೆ ಫೋನ್. ಆ ಹುಡುಗ. ಗಾಳಿಯ ಸದ್ದಿನಲ್ಲಿ ಮಾತೇ ಕೇಳುತ್ತಿಲ್ಲ. ಮನೆ ಹತ್ತಿರ ನೆಟ್‌ವರ್ಕ್ ಸತ್ತಿತ್ತು, ಸಿಗ್ನಲ್ ಸಿಗುವ ದಿಬ್ಬದವರೆಗೆ ಆ ಮಳೆಯಲ್ಲಿ ಬೈಕಿನಲ್ಲಿ ಬಂದಿದ್ದ. "ಸರ್, ಗೌಡ್ರು ಮಂಚದಿಂದ ಬಿದ್ರು. ಹಣೆ ಒಡೆದಿದೆ. ಪ್ರಜ್ಞೆ ಇದೆ, ಮಾತಾಡ್ತಿದಾರೆ. ಸಿಸ್ಟರ್ ಚಿಕ್ಕಮಗಳೂರಿಗೆ ಹೊರಡಿಸ್ತಿದಾರೆ."

ಒಂಬತ್ತು ಜನಕ್ಕೆ ರಾತ್ರಿ ಒಬ್ಬನೇ ಅಟೆಂಡರ್. ಅವನು ಇನ್ನೊಬ್ಬರಿಗೆ ಫಿಟ್ಸ್ ಬಂದು ಆ ಕೋಣೆಯಲ್ಲಿದ್ದ. ಅಪ್ಪಯ್ಯ ಬೆಲ್ ಒತ್ತಿದ್ದಾರೆ, ಬೆಲ್ ಆಗಲಿಲ್ಲ, ತಾವೇ ಎದ್ದಿದ್ದಾರೆ. ದಾರಿಯಲ್ಲಿ ಮರ ಬಿದ್ದು, ಕಡಿದು ಸರಿಸಿ, ಚಿಕ್ಕಮಗಳೂರು ಮುಟ್ಟಿ ಸ್ಕ್ಯಾನ್ ಆಗುವಾಗ ನಾಲ್ಕು ಗಂಟೆ ಕಳೆದಿತ್ತು. ಒಳಗೆ ರಕ್ತಸ್ರಾವ ಇರಲಿಲ್ಲ. ಇದ್ದಿದ್ದರೆ? ಈ ಪ್ರಶ್ನೆಯನ್ನು ಅಕ್ಕ ಅವತ್ತಿನಿಂದ ಕೇಳುತ್ತಿದ್ದಾಳೆ. ಅವಳದ್ದು ತಪ್ಪಲ್ಲ. ತಲೆಗೆ ಒಮ್ಮೆ ಆಪರೇಷನ್ ಆದವರಿಗೆ ನಾಲ್ಕು ಗಂಟೆ ಎಂದರೆ ಸಣ್ಣ ಮಾತಲ್ಲ, ಬೆಂಗಳೂರಿನಲ್ಲಾದರೆ ಇಪ್ಪತ್ತು ನಿಮಿಷ.

ಮಾರನೇ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಸಿಸ್ಟರ್ ನಾನು ಕೇಳುವ ಮೊದಲೇ ಹೇಳಿದರು: "ಬೆಲ್ಲಿಂದು ಬ್ಯಾಟರಿ ಹೋಗಿ ನಾಲ್ಕು ದಿನ ಆಗಿತ್ತು. ತರ್ಸೋಣ ಅಂತ ಇದ್ದೆ, ತರ್ಸ್ಲಿಲ್ಲ. ಅದು ನಂದೇ ತಪ್ಪು. ಹುಡುಗನ್ನ ಬೈಬೇಡಿ." ನಾನು ಬೈಯಲು ತಯಾರಾಗಿಯೇ ಹೋಗಿದ್ದೆ. ಮಾತು ಹೊರಡಲಿಲ್ಲ. ಅಮ್ಮ ಮಾತ್ರ ಸರಿಯಾಗಿ ಬೈದಳು. ಸಿಸ್ಟರ್ ತಲೆ ತಗ್ಗಿಸಿ ಕೇಳಿಸಿಕೊಂಡರು.

ಮುಂದಿನ ತಿಂಗಳು ಹೋದಾಗ ಎಲ್ಲರ ಮಂಚದ ಕಾಲು ಕತ್ತರಿಸಿ ಮೊಣಕಾಲೆತ್ತರಕ್ಕೆ ಇಳಿಸಿದ್ದರು. ಪಕ್ಕದಲ್ಲಿ ಹಳೇ ಹಾಸಿಗೆ ಹಾಸಿತ್ತು. ಮಂಚಕ್ಕೆ ಕಂಬಿ ಯಾಕೆ ಹಾಕಿಸಲಿಲ್ಲ ಎಂದು ಕೇಳಿದೆ. "ತಿಳುವಳಿಕೆ ಮಸುಕಾದವರು ಕಂಬಿ ಹತ್ತಿ ಇನ್ನೂ ಮೇಲಿಂದ ಬೀಳ್ತಾರೆ ಮಾರಾಯ್ರೇ" ಎಂದರು. ಬ್ಯಾಟರಿ ಬೆಲ್ಲಿನ ಜೊತೆಗೆ ಪ್ರತಿ ಮಂಚಕ್ಕೆ ದನದ ಕೊರಳಿನ ಗಂಟೆ ಕಟ್ಟಿದ್ದರು. ಅದಕ್ಕೆ ಬ್ಯಾಟರಿ ಬೇಡ.

ಹೂವಿನ ಈ ಶನಿವಾರ ನಾನು ತಲುಪಿದಾಗ ಅಮ್ಮ ಆಗಲೇ ಬಂದಿದ್ದಳು. ವಾರಕ್ಕೆರಡು ಸಲ ಬಸ್ಸಿನಲ್ಲಿ ಬರುತ್ತಾಳೆ. ಕೊಪ್ಪದ ಸಹಕಾರ ಸಾರಿಗೆ ನಿಂತು ಎಷ್ಟೋ ವರ್ಷವಾದರೂ ಅವಳ ಬಾಯಲ್ಲಿ ಎಲ್ಲ ಬಸ್ಸೂ ಸಹಕಾರವೇ. ಬೆಂಗಳೂರಿನಲ್ಲಿದ್ದಾಗ ಅವಳಿಗೆ ಅಪ್ಪಯ್ಯನನ್ನು ನೋಡಲು ಆದದ್ದು ತಿಂಗಳಿಗೆ ಒಂದು ಸಲ, ಅದೂ ಸಂಜೆ ನಾಲ್ಕರಿಂದ ಐದು. ಇಲ್ಲಿ ಯಾವ ಹೊತ್ತಿಗೆ ಬಂದರೂ ಯಾರೂ ಕೇಳುವುದಿಲ್ಲ. ಬಂದವಳು ಅಡುಗೆಮನೆಗೆ ಹೋಗಿ ಕೈ ಜೋಡಿಸುತ್ತಾಳೆ. ಅವತ್ತು ಕಡುಬು ಬೇಯುತ್ತಿತ್ತು.

ಅಪ್ಪಯ್ಯ ಜಗಲಿಯಲ್ಲಿ ಮೊರ ಇಟ್ಟುಕೊಂಡು ಕೂತಿದ್ದರು. ಉಗುರು ಕತ್ತರಿಸಿದ್ದರು, ಗಡ್ಡ ತೆಗೆದಿದ್ದರು, ಅಂಗಿ ಒಣಗಿದ ವಾಸನೆ ಇತ್ತು. ಈಗ ನಾನು ಮೊದಲು ನೋಡುವುದು ಇವುಗಳನ್ನೇ. ಬಲಗಡೆಯಿಂದಲೇ ಹೋಗಿ ಕೂತೆ. ಎಡಗಡೆಯಿಂದ ಹೋದರೆ ಮೊದಲೆಲ್ಲ ಬೆಚ್ಚುತ್ತಿದ್ದರು.

"ಬಂದ್ಯನಾ? ಹೂವಾಯ್ತಾ?" ಎಂದರು.

"ಮೂಡಿಗೆರೆಯಿಂದ ಇಲ್ಲೀತನಕ ಪೂರ್ತಿ ಆಗಿದೆ ಅಪ್ಪಯ್ಯ."

"ನಮ್ದು?"

"ನಮ್ದೂ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಹೂವಾಯ್ತಾ?" ಎಂದರು. ಆ ಮಧ್ಯಾಹ್ನ ಏಳೆಂಟು ಸಲ ಕೇಳಿದರು. ಅಟೆಂಡರ್ ಹುಡುಗನೂ ಪ್ರತಿ ಸಲ ಮೊದಲನೇ ಸಲ ಕೇಳಿದವನ ಹಾಗೆ ಉತ್ತರ ಕೊಡುತ್ತಿದ್ದ. ನನಗೆ ನಾಲ್ಕನೇ ಸಲಕ್ಕೇ ತಾಳ್ಮೆ ತಪ್ಪಿತು. ಈ ಮರೆವಿಗೆ ಸರ್ಕಾರಿ ಕಾರ್ಡಿನಲ್ಲೂ ಜಾಗವಿಲ್ಲ. 2016ರ ಅಂಗವಿಕಲರ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ, ತಲೆಗೆ ಪೆಟ್ಟಾಗಿ ಬರುವುದು ಅದರಲ್ಲಿ ಪ್ರತ್ಯೇಕವಾಗಿ ಇಲ್ಲ. ಅಪ್ಪಯ್ಯನ ಸೋತ ಕೈಕಾಲಿಗೆ ಪರ್ಸೆಂಟ್ ಸಿಕ್ಕಿತು. ಇನ್ನುಳಿದದ್ದನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಊಟವಾದ ಮೇಲೆ ಸಿಸ್ಟರ್ ಜೊತೆ ಕೂತೆ. ಅಕ್ಕನನ್ನು ಫೋನಿನಲ್ಲಿ ಸ್ಪೀಕರಿಗೆ ಹಾಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಇಬ್ಬರು ಬೇಕು, ಅದರ ಖರ್ಚಿನಲ್ಲಿ ನಮ್ಮ ಪಾಲು ಕೊಡುತ್ತೇವೆ ಎಂದೆವು. ಇನ್ವರ್ಟರ್ ನಾನೇ ಹಾಕಿಸುತ್ತೇನೆ ಎಂದೆ. ಹೊಸ್ತಿಲಿನ ವಿಷಯ ಐದನೇ ಸಲ ಹೇಳಿದೆ. ಭಾರಿ ಮಳೆಯ ಮುನ್ಸೂಚನೆ ಬಂದರೆ ಅಪ್ಪಯ್ಯನನ್ನು ಮುಂಚೆಯೇ ಚಿಕ್ಕಮಗಳೂರಿನಲ್ಲಿ ಚಿಕ್ಕಪ್ಪನ ಮನೆಗೆ ಸಾಗಿಸಬಹುದಾ ಎಂದು ಅಕ್ಕ ಕೇಳಿದಳು. ಸಿಸ್ಟರ್ ಎಲ್ಲವನ್ನೂ ಅದೇ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು.

"ರಾತ್ರಿಗೆ ಇನ್ನೊಬ್ರು ಸಿಗೋದು ಕಷ್ಟ. ಎಲ್ಲಾ ಹೋಮ್‌ಸ್ಟೇ ಕೆಲ್ಸಕ್ಕೆ ಹೋಗ್ತಾರೆ" ಎಂದರು. "ಸಿಕ್ಕಿದ್ರೆ ಹೇಳ್ತೀನಿ. ಸಿಗ್ಲಿಲ್ಲ ಅಂದ್ರೂ ಮೇ ತಿಂಗ್ಳೊಳಗೆ ಹೇಳ್ತೀನಿ. ಆಗ ನೀವು ಕರ್ಕೊಂಡು ಹೋಗಿ."

ಅಕ್ಕ ಒಂದು ನಿಮಿಷ ಸುಮ್ಮನಿದ್ದು "ಸರಿ, ಮೇ ತನಕ ನೋಡೋಣ" ಎಂದಳು. ಅಮ್ಮ ಆಗಲೂ ಏನೂ ಹೇಳಲಿಲ್ಲ. ಕೂವೆಹಿಟ್ಟಿನ ಡಬ್ಬ ತೆಗೆದು ಅಲ್ಲಾಡಿಸಿ, ಇನ್ನೊಂದು ತಿಂಗಳಿಗೆ ಆಗುತ್ತದೆ, ಮುಂದಿನ ಸಲ ಎರಡು ಕಿಲೋ ತರುತ್ತೇನೆ ಎಂದಳು.

ಹೊರಡುವಾಗ ನಾಲ್ಕೂವರೆ. ಅಪ್ಪಯ್ಯ ಇನ್ನೂ ಮೊರದ ಮುಂದೆ ಇದ್ದರು. ಬಲಗಡೆ ಚೊಕ್ಕ, ನಡುವೆಯೂ ಚೊಕ್ಕ, ಕೆಂಪು ಬಟ್ಟೆಯ ಹತ್ತಿರ ನಾಲ್ಕು ಬೆರಳಗಲ ಉಳಿದಿತ್ತು. ಹುಡುಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು "ಕೆಂಪು ಕಂಡ್ತಾ ಗೌಡ್ರೇ?" ಎನ್ನುತ್ತಿದ್ದ. ಅಮ್ಮನನ್ನು ಮನೆಗೆ ಬಿಟ್ಟು ಹೋಗಬೇಕಿತ್ತು. ಆಕಾಶ ಕಪ್ಪಾಗಿತ್ತು. "ಹಿಂದಿನ ಮಳೆ ಬಂದ್ರೆ ಈ ಸಲ ಕಾಯಿ ನಿಲ್ತದೆ" ಎಂದಳು ಕಾರು ಹತ್ತುತ್ತಾ.